ಸುದ್ದಿಯ ತೂಬು ಯಾರ ಕೈಯಲ್ಲಿದೆ?

ಬೆಂಗಳೂರಿನ ಯಾವುದಾದರೂ ಖಾಸಗಿ ಎಫ್‌ಎಂ ಸ್ಟೇಷನ್ನನ್ನು ಬೆಳಗಿನಿಂದ ರಾತ್ರಿವರೆಗೆ ಕೇಳಿ ನೋಡಿ. ಸಿಲ್ಕ್ ಬೋರ್ಡ್ ಹತ್ತಿರ ಟ್ರಾಫಿಕ್ ಎಷ್ಟು ಜಾಮ್ ಆಗಿದೆ ಅಂತ ಹೇಳುತ್ತಾರೆ. ಸಂಜೆ ಮಳೆ ಬರುತ್ತಾ, ಯಾವ ಏರಿಯಾದಲ್ಲಿ ಕರೆಂಟ್ ಇರಲ್ಲ, ಪಿಯುಸಿ ರಿಸಲ್ಟ್ ಯಾವಾಗ, ಎಲ್ಲ ಹೇಳುತ್ತಾರೆ. ಆದರೆ ವಿಧಾನಸೌಧದಲ್ಲಿ ಇವತ್ತು ಏನಾಯಿತು ಅಂತ ಆ ಸ್ಟೇಷನ್ನಿನ ಸ್ವಂತ ವರದಿಗಾರ ಹೇಳುವುದನ್ನು ಯಾವತ್ತಾದರೂ ಕೇಳಿದ್ದೀರಾ? ಕೇಳಿರಲ್ಲ. ಅದು ಆರ್‌ಜೆಗಳ ಸೋಮಾರಿತನ ಅಲ್ಲ. ಖಾಸಗಿ ರೇಡಿಯೊ ತನ್ನದೇ ಸುದ್ದಿ ಓದುವಂತಿಲ್ಲ. ಬೇಕಾದರೆ ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಹಾಗೇ ಹಾಕಬಹುದು, ಅಷ್ಟೆ.

ತಮಾಷೆ ಏನೆಂದರೆ, ಅದೇ ಮಾಲೀಕರಿಗೆ ಪತ್ರಿಕೆ ಇರಬಹುದು, 24 ಗಂಟೆ ಕಿರುಚುವ ಟಿವಿ ಚಾನೆಲ್ಲೂ ಇರಬಹುದು. ಅಲ್ಲಿ ಏನು ಬೇಕಾದರೂ ಹೇಳಬಹುದು, ರೇಡಿಯೊದಲ್ಲಿ ಮಾತ್ರ ಬಾಯಿ ಮುಚ್ಚಿಕೊಂಡಿರಬೇಕು. ಇದಕ್ಕೆ ಅರ್ಥ ಇದೆಯಾ ಅಂತ ಕೇಳಿದರೆ, ಅರ್ಥ ಇಲ್ಲ, ಇತಿಹಾಸ ಇದೆ.

ಮಾಧ್ಯಮ ಮತ್ತು ಅಧಿಕಾರದ ಮಾತು ಬಂದ ಕೂಡಲೇ ನಾವು ಜಗಳ ಶುರು ಮಾಡುವುದು ಯಾವ ಚಾನೆಲ್ ಯಾರ ಪರ, ಯಾವ ಆ್ಯಂಕರ್ ಯಾರಿಗೆ ಮಾರಿಕೊಂಡ ಅಂತ. ಮಾತು ಹರಿದು ಬರುವ ದಾರಿಯ ಬಗ್ಗೆ ಯೋಚಿಸುವುದು ಕಮ್ಮಿ. ಹಳ್ಳಿಯ ಕೆರೆ ಊರಿನ ಎಲ್ಲರದ್ದು. ಆದರೆ ತೂಬು ಎತ್ತುವವನು ನೀರುಗಂಟಿ. ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅನ್ನುವುದು ಅವನ ಕೈಲಿರುತ್ತದೆ. ಈ ದೇಶದಲ್ಲಿ ಸರ್ಕಾರಗಳು, ಈಚೆಗೆ ಕಂಪನಿಗಳು, ಮಾತಿಗಿಂತ ಜಾಸ್ತಿ ತೂಬಿನ ಮೇಲೆ ಕಣ್ಣಿಟ್ಟಿವೆ. ಪ್ರತಿ ಹೊಸ ತಂತ್ರಜ್ಞಾನ ಬಂದಾಗಲೂ ಸ್ವಲ್ಪ ದಿನ ತೂಬು ಯಾರ ಕೈಗೂ ಸಿಗದೆ ಇರುತ್ತದೆ. ಆಮೇಲೆ ಯಾರೋ ಹಿಡಿಯುತ್ತಾರೆ.

ಕತೆ ಶುರುವಾಗುವುದು 1885ರಲ್ಲಿ. ಬ್ರಿಟಿಷರು ಭಾರತೀಯ ಟೆಲಿಗ್ರಾಫ್ ಕಾಯ್ದೆ ಮಾಡಿದರು. ಟೆಲಿಗ್ರಾಫ್ ಹಾಕುವ, ನಡೆಸುವ ಹಕ್ಕು ಸರ್ಕಾರಕ್ಕೆ ಮಾತ್ರ. ಬೇರೆಯವರಿಗೆ ಬೇಕಾದರೆ ಲೈಸೆನ್ಸ್ ತೆಗೆದುಕೊಳ್ಳಬೇಕು. 1857ರ ದಂಗೆ ಅವರಿಗೆ ಇನ್ನೂ ನೆನಪಿತ್ತು, ತಂತಿ ಯಾರ ಕೈಲಿದ್ದರೆ ಏನಾಗುತ್ತದೆ ಅಂತ ಗೊತ್ತಿತ್ತು. ಆಗ ರೇಡಿಯೊ ಹುಟ್ಟಿರಲೇ ಇಲ್ಲ. ಅದು ಬಂದಾಗ ಇದೇ ಕಾಯ್ದೆಯೊಳಗೆ ತುರುಕಿದರು. 1933ರಲ್ಲಿ ಇನ್ನೊಂದು ವೈರ್‌ಲೆಸ್ ಕಾಯ್ದೆ ಬಂತು. ಅದರ ಪ್ರಕಾರ ಲೈಸೆನ್ಸ್ ಇಲ್ಲದೆ ರೇಡಿಯೊ ಸೆಟ್ ಇಟ್ಟುಕೊಳ್ಳುವುದೂ ಅಪರಾಧ. ಪೋಸ್ಟ್ ಆಫೀಸಿಗೆ ಹೋಗಿ ರೇಡಿಯೊ ಲೈಸೆನ್ಸಿಗೆ ದುಡ್ಡು ಕಟ್ಟಿ ಬರುತ್ತಿದ್ದ ನೆನಪು ನಿಮ್ಮ ಮನೆಯ ಹಿರಿಯರಿಗೆ ಇದ್ದೇ ಇರುತ್ತದೆ. 1980ರ ದಶಕದವರೆಗೂ ಅದು ನಡೆಯಿತು.

ಆದರೂ ಮೈಸೂರಿನಲ್ಲಿ ಒಬ್ಬರು ಮನೆಯಿಂದಲೇ ಪ್ರಸಾರ ಶುರು ಮಾಡಿದರು. ಮಹಾರಾಜ ಕಾಲೇಜಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ, ಬರೀ 30 ವ್ಯಾಟಿನ ಒಂದು ಟ್ರಾನ್ಸ್‌ಮಿಟರ್ ಇಟ್ಟುಕೊಂಡು. ನಮ್ಮ ಮನೆಯ ಹಳೇ ಟ್ಯೂಬ್‌ಲೈಟಿಗೂ ಅದಕ್ಕಿಂತ ಜಾಸ್ತಿ ಕರೆಂಟ್ ಬೇಕಾಗಬಹುದು. ಆ ಸ್ಟೇಷನ್ನಿನ ‘ಆಕಾಶವಾಣಿ’ ಎಂಬ ಹೆಸರನ್ನೇ ಮುಂದೆ ಇಡೀ ದೇಶದ ರೇಡಿಯೊ ತೆಗೆದುಕೊಂಡಿತು. ಸ್ಟೇಷನ್ ಮಾತ್ರ ಮೇಷ್ಟರ ಕೈಲಿ ಉಳಿಯಲಿಲ್ಲ. ಕೆಲ ವರ್ಷಗಳಲ್ಲಿ ಸರ್ಕಾರಕ್ಕೆ ಹೋಯಿತು.

1942ರ ಮುಂಬೈ ಪ್ರಯೋಗಕ್ಕೆ ಆಯಸ್ಸು ಇನ್ನೂ ಕಮ್ಮಿ. ಕ್ವಿಟ್ ಇಂಡಿಯಾ ಚಳವಳಿ ಶುರುವಾಗಿ ನಾಯಕರೆಲ್ಲ ಜೈಲಿಗೆ ಹೋಗಿದ್ದರು, ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. ಆಗ ಇನ್ನೂ ವಿದ್ಯಾರ್ಥಿನಿಯಾಗಿದ್ದ ಉಷಾ ಮೆಹ್ತಾ ಮತ್ತು ಗೆಳೆಯರು ಕದ್ದು ಮುಚ್ಚಿ ‘ಕಾಂಗ್ರೆಸ್ ರೇಡಿಯೊ’ ನಡೆಸಿದರು. ‘42.34 ಮೀಟರ್‌ನಲ್ಲಿ, ಭಾರತದ ಎಲ್ಲಿಂದಲೋ ಮಾತಾಡುತ್ತಿದ್ದೇವೆ’ ಅಂತ ಶುರುವಾಗುತ್ತಿತ್ತು. ಎಲ್ಲಿಂದಲೋ ಅಂದದ್ದು ಸುಮ್ನೆ ಅಲ್ಲ. ಪೊಲೀಸರು ತರಂಗದ ಜಾಡು ಹಿಡಿದು ಹುಡುಕುತ್ತಿದ್ದರು, ಇವರು ಮನೆಯಿಂದ ಮನೆಗೆ ಟ್ರಾನ್ಸ್‌ಮಿಟರ್ ಹೊತ್ತು ತಿರುಗುತ್ತಿದ್ದರು. ಆಗಸ್ಟಿನಲ್ಲಿ ಶುರುವಾದದ್ದು ನವೆಂಬರ್ 12ಕ್ಕೆ ಸಿಕ್ಕಿಬಿತ್ತು. ಉಷಾ ಮೆಹ್ತಾ ಜೈಲಿನಿಂದ ಹೊರಬಂದದ್ದು 1946ರಲ್ಲಿ.

ಸ್ವಾತಂತ್ರ್ಯ ಬಂದ ಮೇಲೆ ಬ್ರಿಟಿಷರ ಈ ಕಾಯ್ದೆಯನ್ನು ನಮ್ಮವರು ಕಿತ್ತು ಹಾಕುತ್ತಾರೆ ಅಂತ ನೀವು ಅಂದುಕೊಂಡಿದ್ದರೆ, ಅದು ಆಗಲಿಲ್ಲ. ಕುರ್ಚಿ ಬದಲಾಯಿತು, ತೂಬು ಅಲ್ಲೇ ಇತ್ತು. 1952ರಲ್ಲಿ ವಾರ್ತಾ ಮಂತ್ರಿಯಾದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಅಂದರೆ ಆಗುತ್ತಿರಲಿಲ್ಲ. ಜನರ ಅಭಿರುಚಿ ಕೆಡುತ್ತದೆ ಅಂತ ಆಕಾಶವಾಣಿಯಿಂದ ಅದನ್ನು ಹೊರಗಟ್ಟಿದರು. ಜನ ಶಾಸ್ತ್ರೀಯ ಸಂಗೀತ ಕೇಳಿಕೊಂಡು ಕೂತರಾ? ಇಲ್ಲ, ಮುಳ್ಳು ತಿರುಗಿಸಿ ರೇಡಿಯೊ ಸಿಲೋನ್ ಹಿಡಿದರು. ಶಾರ್ಟ್‌ವೇವ್ ತರಂಗ ವಾತಾವರಣದ ಮೇಲ್ಪದರಕ್ಕೆ ಬಡಿದು ಮತ್ತೆ ಭೂಮಿಗೆ ಪುಟಿಯುತ್ತದೆ. ಹಾಗಾಗಿ ಅದಕ್ಕೆ ದೇಶದ ಗಡಿ ಲೆಕ್ಕಕ್ಕಿಲ್ಲ. ಕೊಲಂಬೊದಿಂದ ನಿರೂಪಕ ಅಮೀನ್ ಸಯಾನಿ ಧ್ವನಿ ನೇರವಾಗಿ ಮನೆಗೆ ಬರುತ್ತಿತ್ತು. ಐದು ವರ್ಷ ನೋಡಿದ ಸರ್ಕಾರ 1957ರಲ್ಲಿ ವಿವಿಧ ಭಾರತಿ ಶುರು ಮಾಡಿ ಹಾಡನ್ನು ಒಳಗೆ ಕರೆದುಕೊಂಡಿತು. ತೂಬು ಹಿಡಿದವನನ್ನು ಸೋಲಿಸಲು ಪ್ರತಿಭಟನೆಯೇ ಬೇಕು ಅಂತಿಲ್ಲ. ಪಕ್ಕದಲ್ಲಿ ಇನ್ನೊಂದು ಕಾಲುವೆ ಇದ್ದರೆ ಸಾಕು.

1975ರಲ್ಲಿ ಅಂಥ ಕಾಲುವೆಗಳು ಹೆಚ್ಚೇನೂ ಇರಲಿಲ್ಲ. ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಪತ್ರಿಕೆಗಳಿಗೆ ರೇಡಿಯೊ ಥರ ಲೈಸೆನ್ಸಿನ ಹಂಗಿಲ್ಲ, ಸೆನ್ಸಾರ್ ವ್ಯವಸ್ಥೆ ಮಾಡೋಣ ಅಂದರೆ ಒಂದೆರಡು ದಿನ ಬೇಕು. ಅವತ್ತು ರಾತ್ರಿಗೆ ಏನು ಮಾಡುವುದು? ದೆಹಲಿಯ ಬಹದ್ದೂರ್ ಶಾ ಜಫರ್ ಮಾರ್ಗದಲ್ಲಿ ಸಾಲಾಗಿ ಪತ್ರಿಕಾ ಕಚೇರಿಗಳಿವೆ. ಆ ರಸ್ತೆಗೆ ಕರೆಂಟ್ ತೆಗೆದರು. ಪ್ರೆಸ್ಸುಗಳು ನಿಂತವು. ಆದರೆ ಕನಾಟ್ ಪ್ಲೇಸ್ ಕಡೆ ಇದ್ದ ‘ಹಿಂದೂಸ್ತಾನ್ ಟೈಮ್ಸ್’ ಮತ್ತು ‘ಸ್ಟೇಟ್ಸ್‌ಮನ್’ ಕಚೇರಿಗಳಿಗೆ ಕರೆಂಟ್ ಬರುತ್ತಿದ್ದದ್ದು ಬೇರೆ ಸಂಸ್ಥೆಯಿಂದ. ಅವು ಅಚ್ಚಾದವು! ದೇಶದ ಸಂವಿಧಾನ, ವಾಕ್ ಸ್ವಾತಂತ್ರ್ಯ, ಇಷ್ಟೆಲ್ಲ ದೊಡ್ಡ ಮಾತುಗಳ ನಡುವೆ ಆ ರಾತ್ರಿ ಯಾವ ಪತ್ರಿಕೆ ಬದುಕಿತು ಅಂತ ತೀರ್ಮಾನಿಸಿದ್ದು ಒಂದು ಕರೆಂಟ್ ಲೈನು.

ರೇಡಿಯೊಗೆ ಕರೆಂಟ್ ತೆಗೆಯುವ ಕೆಲಸವೇ ಇರಲಿಲ್ಲ, ಅದು ಸರ್ಕಾರದ್ದೇ. ಮರುದಿನ ಬೆಳಿಗ್ಗೆ ಇಂದಿರಾ ಗಾಂಧಿ ಆಕಾಶವಾಣಿಯಲ್ಲಿ ಮಾತಾಡಿ, ಗಾಬರಿಪಡುವಂಥದ್ದು ಏನೂ ಇಲ್ಲ ಅಂದರು. ಅದೇ ಬೆಳಿಗ್ಗೆ ಬೆಂಗಳೂರಿನಲ್ಲಿದ್ದ ವಾಜಪೇಯಿ, ಅಡ್ವಾಣಿ ಬಂಧನವಾದರು, ಇಲ್ಲಿನ ಸೆಂಟ್ರಲ್ ಜೈಲಿಗೆ ಹೋದರು. ವಾರ್ತಾ ಮಂತ್ರಿಯಾಗಿದ್ದ ಐ.ಕೆ. ಗುಜ್ರಾಲ್ ಅವರನ್ನು ಆ ಜಾಗದಿಂದ ತೆಗೆದು ವಿ.ಸಿ. ಶುಕ್ಲಾ ಅವರನ್ನು ತಂದರು. ನಾಲ್ಕು ಸುದ್ದಿ ಸಂಸ್ಥೆಗಳನ್ನು ಸೇರಿಸಿ ‘ಸಮಾಚಾರ್’ ಅಂತ ಒಂದೇ ಸಂಸ್ಥೆ ಮಾಡಿದರು. ಎಲ್ಲ ಪತ್ರಿಕೆಗಳಿಗೂ ಹೊರಗಿನ ಸುದ್ದಿ ಬರುವ ಬಾಯಿ ಒಂದೇ ಆದರೆ ಕಾಯುವುದು ಸುಲಭ, ಅಲ್ವಾ? ಸರ್ಕಾರದ ಪ್ರಚಾರಕ್ಕೆ ಹಾಡಲು ಒಪ್ಪದ ಕಿಶೋರ್ ಕುಮಾರ್ ಅವರ ಹಾಡುಗಳು ರೇಡಿಯೊದಿಂದ ಮಾಯವಾದವು. ಜನ ಎಂದಿನಂತೆ ಮುಳ್ಳು ತಿರುಗಿಸಿದರು, ಈ ಸಲ ಬಿಬಿಸಿಗೆ.

ಇದೇ ಹೊತ್ತಿನಲ್ಲಿ ಕರ್ನಾಟಕದಲ್ಲಿ ಇನ್ನೊಂದು ವಿಚಿತ್ರ ನಡೆಯುತ್ತಿತ್ತು. 1975ರ ಆಗಸ್ಟ್ 1ರಿಂದ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಲ್ಲಿ ಜನ ಟಿವಿ ನೋಡಿದರು. ಬೆಂಗಳೂರು ದೂರದರ್ಶನ ಕೇಂದ್ರ ಶುರುವಾಗಿದ್ದು 1981ರಲ್ಲಿ. ಅಂದರೆ ರಾಜಧಾನಿಗಿಂತ ಆರು ವರ್ಷ ಮೊದಲು! ಇದು ಸೈಟ್ ಎಂಬ ಉಪಗ್ರಹ ಟಿವಿ ಪ್ರಯೋಗ. ದೇಶದ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಲ್ಲಿ ಸಾಮೂಹಿಕ ಟಿವಿ ಇಟ್ಟು ಕೃಷಿ, ಆರೋಗ್ಯ, ಶಾಲಾ ಪಾಠ ತೋರಿಸಿದರು. ಕನ್ನಡದಲ್ಲೂ ಕಾರ್ಯಕ್ರಮ ಬರುತ್ತಿತ್ತು. ನಿಜಕ್ಕೂ ಒಳ್ಳೆಯ ಕೆಲಸ. ಆದರೆ ಉಪಗ್ರಹ ಅಮೆರಿಕದ ನಾಸಾದ್ದು, ಒಂದು ವರ್ಷಕ್ಕೆ ಕೊಟ್ಟದ್ದು. 1976ರ ಜುಲೈ 31ಕ್ಕೆ ಅವಧಿ ಮುಗಿಯಿತು, ಉಪಗ್ರಹದ ಪ್ರಸಾರವೂ ನಿಂತಿತು. ಹಳ್ಳಿಯವರನ್ನು ಯಾರೂ ಏನೂ ಕೇಳಲಿಲ್ಲ.

ಟಿವಿಯನ್ನು ಇನ್ನೊಂದು ಥರದಲ್ಲೂ ಬಳಸಿದರು. 1977ರ ಚುನಾವಣೆಗೆ ಮೊದಲು ದೆಹಲಿಯ ರಾಮಲೀಲಾ ಮೈದಾನದಲ್ಲಿ ವಿರೋಧ ಪಕ್ಷಗಳ ದೊಡ್ಡ ಸಭೆ ಇತ್ತು. ಅವತ್ತು ಸಂಜೆ ದೂರದರ್ಶನ ಆಗಿನ ಸೂಪರ್ ಹಿಟ್ ಹಿಂದಿ ಸಿನಿಮಾ ಹಾಕಿತು. ಜನ ಮನೆಯಲ್ಲೇ ಇರಲಿ ಅಂತ. ಆದರೂ ಮೈದಾನ ತುಂಬಿತು. ಸರ್ಕಾರ ಬಿದ್ದಿತು. ಬೆಂಗಳೂರು ಜೈಲಿನಲ್ಲಿದ್ದ ಅಡ್ವಾಣಿಯೇ ವಾರ್ತಾ ಮಂತ್ರಿಯಾದರು. ರೇಡಿಯೊ, ಟಿವಿಗೆ ಸ್ವಾಯತ್ತತೆ ಕೊಡಬೇಕು ಅಂತ ಪತ್ರಕರ್ತ ಬಿ.ಜಿ. ವರ್ಗೀಸ್ ಅವರ ಸಮಿತಿ ಮಾಡಿದರು, ವರದಿ ಬಂತು. ಆ ಸ್ವಾಯತ್ತತೆ ಕೊಡುವ ಪ್ರಸಾರ ಭಾರತಿ ಕಾಯ್ದೆ ಪಾಸಾಗಿದ್ದು ಮಾತ್ರ 1990ರಲ್ಲಿ, ಜಾರಿಗೆ ಬಂದದ್ದು 1997ರಲ್ಲಿ. ವಿರೋಧ ಪಕ್ಷದಲ್ಲಿದ್ದಾಗ ಸ್ವಾಯತ್ತತೆ ಬೇಕು ಅನ್ನುವವರು ಕುರ್ಚಿಗೆ ಬಂದ ಮೇಲೆ ನೋಡೋಣ ಅನ್ನುತ್ತಾರೆ. ಇದರಲ್ಲಿ ಪಕ್ಷಭೇದ ಇಲ್ಲ.

ಕೊನೆಗೆ ಈ ಏಕಸ್ವಾಮ್ಯಕ್ಕೆ ಪೆಟ್ಟು ಕೊಟ್ಟದ್ದು ಕ್ರಿಕೆಟ್. 1993ರ ಹೀರೊ ಕಪ್. ಈಡನ್ ಗಾರ್ಡನ್ಸ್‌ನ ಫೈನಲ್ಲಿನಲ್ಲಿ ನಮ್ಮ ಕುಂಬ್ಳೆ 12 ರನ್ನಿಗೆ 6 ವಿಕೆಟ್ ತೆಗೆದ ಅದೇ ಟೂರ್ನಿ. ಬಂಗಾಳ ಕ್ರಿಕೆಟ್ ಸಂಸ್ಥೆ ಪ್ರಸಾರದ ಹಕ್ಕನ್ನು ಒಂದು ವಿದೇಶಿ ಕಂಪನಿಗೆ ಮಾರಿತು. ದೂರದರ್ಶನ ಸಿಟ್ಟಾಯಿತು. ಈ ನೆಲದಿಂದ ಉಪಗ್ರಹಕ್ಕೆ ಸಿಗ್ನಲ್ ಕಳಿಸಲು 1885ರ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಬೇಕು ಅನ್ನುವ ಮಾತು ಮತ್ತೆ ಬಂತು. ಕಂಪನಿಯ ಉಪಕರಣಗಳನ್ನು ಕಸ್ಟಮ್ಸ್‌ನವರು ಹಿಡಿದಿಟ್ಟರು. ಟೂರ್ನಿ ನಡೆಯುತ್ತಿದ್ದಾಗಲೇ ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು.

1995ರ ಫೆಬ್ರವರಿ 9ರಂದು ತೀರ್ಪು ಬಂತು. ಗಾಳಿಯಲ್ಲಿ ಹರಿಯುವ ತರಂಗಗಳು ಸಾರ್ವಜನಿಕ ಆಸ್ತಿ ಅಂತ ಕೋರ್ಟ್ ಹೇಳಿತು. ಅವು ಸರ್ಕಾರದ ಸ್ವತ್ತಲ್ಲ, ಹಾಗಂತ ದುಡ್ಡಿದ್ದವರು ಗುತ್ತಿಗೆ ಹಿಡಿಯುವಂಥದ್ದೂ ಅಲ್ಲ, ಅವುಗಳ ಹಂಚಿಕೆ ಸ್ವತಂತ್ರ ಪ್ರಾಧಿಕಾರವೊಂದರ ಕೈಲಿರಬೇಕು ಎಂಬುದು ತೀರ್ಪಿನ ತಿರುಳು. ನನ್ನ ಮಟ್ಟಿಗೆ ಇದು ನಮ್ಮ ದೇಶದ ಮಾಧ್ಯಮ ಇತಿಹಾಸದ ಅತಿ ದೊಡ್ಡ ತೀರ್ಪು. ಅದರ ಮುಖ್ಯ ಸಲಹೆಯೇ ಜಾರಿಯಾಗದೆ ಉಳಿದ ತೀರ್ಪು ಕೂಡ. ಚಾನೆಲ್ಲುಗಳಿಗೆ, ಎಫ್‌ಎಂಗಳಿಗೆ ಅನುಮತಿ ಕೊಡುವುದು ಈಗಲೂ ವಾರ್ತಾ ಮಂತ್ರಾಲಯವೇ. ಅದರ ತೂಕ ಎಷ್ಟು ಅಂತ 2022ರಲ್ಲಿ ಮಲಯಾಳಂನ ಮೀಡಿಯಾ ಒನ್ ಚಾನೆಲ್ಲಿಗೆ ಗೊತ್ತಾಯಿತು. ಭದ್ರತೆಯ ಕಾರಣ ಕೊಟ್ಟು ಲೈಸೆನ್ಸ್ ನವೀಕರಿಸಲಿಲ್ಲ. ಆ ಕಾರಣ ಏನು ಅಂತ ಚಾನೆಲ್ಲಿಗೆ ಹೇಳಲೂ ಇಲ್ಲ, ಮುಚ್ಚಿದ ಲಕೋಟೆಯಲ್ಲಿ ಕೋರ್ಟಿಗೆ ಕೊಟ್ಟರು. 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು.

ಹಾಗಾದರೆ ಟಿವಿಗೆ ಸುದ್ದಿ ಸಿಕ್ಕಿತು, ರೇಡಿಯೊಗೆ ಯಾಕಿಲ್ಲ? ಉತ್ತರ ತಂತ್ರಜ್ಞಾನದಲ್ಲೇ ಇದೆ. 1991ರಲ್ಲಿ ಗಲ್ಫ್ ಯುದ್ಧವನ್ನು ಸಿಎನ್‌ಎನ್ ತೋರಿಸಿದಾಗ, ಆಮೇಲೆ ಹಾಂಗ್‌ಕಾಂಗಿನಿಂದ ಸ್ಟಾರ್ ಟಿವಿ ಬಂದಾಗ, ಸಿಗ್ನಲ್ ಆಕಾಶದಿಂದ ನೇರವಾಗಿ ಇಳಿಯಿತು. ಬೀದಿಯ ಕೇಬಲ್ ಹುಡುಗ ಮಹಡಿ ಮೇಲೆ ಡಿಶ್ ಇಟ್ಟು, ಮರದಿಂದ ಮರಕ್ಕೆ ವೈರ್ ಎಳೆದು ಮನೆಮನೆಗೆ ಕೊಟ್ಟ. ಯಾವ ಲೈಸೆನ್ಸೂ ಇರಲಿಲ್ಲ. ಕೇಬಲ್ ಕಾಯ್ದೆ ಬರುವ ಹೊತ್ತಿಗೆ 1995 ಆಗಿತ್ತು, ಜನಕ್ಕೆ ರುಚಿ ಹತ್ತಿಯಾಗಿತ್ತು. ಸರ್ಕಾರ ಕೊಟ್ಟದ್ದಲ್ಲ ಅದು, ಕೈತಪ್ಪಿ ಹೋದದ್ದು. ಎಫ್‌ಎಂ ಹಾಗಲ್ಲ. ಅದರ ತರಂಗ ಹೆಚ್ಚು ಕಡಿಮೆ ಕಣ್ಣಿಗೆ ಕಾಣುವ ದೂರದವರೆಗೆ ಮಾತ್ರ ಹೋಗುತ್ತದೆ. ಊರಿಗೆ ಎಫ್‌ಎಂ ಬೇಕಾದರೆ ಊರಲ್ಲೇ ಟವರ್ ನಿಲ್ಲಿಸಬೇಕು. ಟವರ್ ನಿಂತಿರುವಲ್ಲಿಗೆ ಪೊಲೀಸರು ನಡೆದುಕೊಂಡೇ ಹೋಗಬಹುದು. ಹಾಗಾಗಿ 2001ರ ಜುಲೈಯಲ್ಲಿ ದೇಶದ ಮೊದಲ ಖಾಸಗಿ ಎಫ್‌ಎಂ ಬೆಂಗಳೂರಿನಲ್ಲಿ ಶುರುವಾದಾಗಲೇ ಸುದ್ದಿ ಬೇಡ ಎಂಬ ಷರತ್ತು ಜೊತೆಗೇ ಬಂತು. ಗಂಟೆಗೆ 10 ನಿಮಿಷ ಸುದ್ದಿ ಓದಲು ಬಿಡಿ ಅಂತ 2023ರಲ್ಲಿ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಸಲಹೆ ಕೊಟ್ಟಿತು.

ಕೋಲಾರ ಜಿಲ್ಲೆಯ ಬೂದಿಕೋಟೆಯವರು ಲೈಸೆನ್ಸಿನ ಈ ಕಾಟಕ್ಕೆ ಒಂದು ಉಪಾಯ ಹುಡುಕಿದ್ದರು. ಅಲ್ಲಿ ‘ನಮ್ಮ ಧ್ವನಿ’ ಅಂತ ಸಮುದಾಯ ರೇಡಿಯೊ ಮಾಡಲು ಹೊರಟಾಗ ಹಳ್ಳಿಯವರಿಗೆ ಪ್ರಸಾರದ ಲೈಸೆನ್ಸ್ ಕೊಡುವ ನಿಯಮವೇ ಇರಲಿಲ್ಲ. ಸರಿ, ಗಾಳಿಯಲ್ಲಿ ಕಳಿಸಿದರೆ ತಾನೇ ತಪ್ಪು? ಊರಿನ ಟಿವಿ ಕೇಬಲ್ ಒಳಗೆ ಧ್ವನಿ ಹರಿಸಿದರು. ಮನೆಯಲ್ಲಿ ಟಿವಿ ಹಾಕಿಕೊಂಡು ರೇಡಿಯೊ ಕೇಳುವುದು! ಹಳ್ಳಿಯ ಹೆಂಗಸರೇ ಕಾರ್ಯಕ್ರಮ ಮಾಡುತ್ತಿದ್ದರು. ಸಂಘ ಸಂಸ್ಥೆಗಳಿಗೆ ಸಮುದಾಯ ರೇಡಿಯೊ ಲೈಸೆನ್ಸ್ ಕೊಡಲು ಸರ್ಕಾರ ಒಪ್ಪಿದ್ದು 2006ರಲ್ಲಿ. ಅದಕ್ಕೂ ಸ್ವಂತ ಸುದ್ದಿ ನಿಷಿದ್ಧ.

ಇಂಟರ್‌ನೆಟ್ ಬಂದಾಗ ಎಲ್ಲರೂ ಅಂದುಕೊಂಡದ್ದು ಇನ್ನು ತೂಬೇ ಇಲ್ಲ ಅಂತ. ಯಾರು ಬೇಕಾದರೂ ಬರೆಯಬಹುದು, ವಿಡಿಯೊ ಹಾಕಬಹುದು. ನಿಜ. ಆದರೆ ನಿಮ್ಮ ಫೋನಿನಿಂದ ಸಿಗ್ನಲ್ ಹೋಗುವುದು ಒಂದು ಟವರಿಗೆ. ಟವರ್ ನಡೆಸುವುದು ಕೈಬೆರಳಲ್ಲಿ ಎಣಿಸುವಷ್ಟು ಕಂಪನಿಗಳು. ಅವಕ್ಕೆಲ್ಲ ಲೈಸೆನ್ಸ್ ಬೇಕು. ಮತ್ತೆ ಅದೇ 1885. ಗೃಹ ಇಲಾಖೆಯ ಕಾರ್ಯದರ್ಶಿ ಒಂದು ಆದೇಶ ಬರೆದರೆ ಕಂಪನಿಗಳು ಇಡೀ ಜಿಲ್ಲೆಯ ಡೇಟಾ ನಿಲ್ಲಿಸಬೇಕು. 2019ರ ಡಿಸೆಂಬರ್‌ನಲ್ಲಿ ಮಂಗಳೂರಿನವರಿಗೆ ಇದರ ಅನುಭವ ಆಗಿದೆ. ಕಾಶ್ಮೀರದಲ್ಲಿ 2019ರ ಆಗಸ್ಟ್‌ನಲ್ಲಿ ನಿಂತ 4ಜಿ ಮರಳಿ ಬಂದದ್ದು 2021ರ ಫೆಬ್ರವರಿಯಲ್ಲಿ. ರಾಜಸ್ಥಾನದಲ್ಲಿ ಶಿಕ್ಷಕರ ಪರೀಕ್ಷೆಯಲ್ಲಿ ಕಾಪಿ ಹೊಡೆಯಬಾರದು ಅಂತಲೂ ನೆಟ್ ಬಂದ್ ಮಾಡಿದ್ದಾರೆ! ರೇಡಿಯೊ ನಿಂತರೆ ಸುದ್ದಿ ಮಾತ್ರ ನಿಲ್ಲುತ್ತಿತ್ತು. ಈಗ ನೆಟ್ ನಿಂತರೆ ತರಕಾರಿ ಅಂಗಡಿಯ ಕ್ಯೂಆರ್ ಕೋಡೂ ನಿಲ್ಲುತ್ತದೆ, ಆಟೊ ಬುಕಿಂಗೂ ನಿಲ್ಲುತ್ತದೆ. ಹೀಗೆ ನಿಲ್ಲಿಸುವ ಆದೇಶಗಳನ್ನು ಪ್ರಕಟಿಸಲೇಬೇಕು, ಅನಿರ್ದಿಷ್ಟ ಕಾಲ ಎಳೆಯುವಂತಿಲ್ಲ ಅಂತ 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಳೆಯ ಟೆಲಿಗ್ರಾಫ್ ಕಾಯ್ದೆಯ ಜಾಗಕ್ಕೆ 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ನಿಲ್ಲಿಸುವ ಅಧಿಕಾರ ಹೊಸದರಲ್ಲೂ ಇದೆ.

ಇಡೀ ಜಿಲ್ಲೆ ಬೇಡ, ಒಂದು ಪೋಸ್ಟ್ ಮಾತ್ರ ಕಾಣಬಾರದು ಅಂದರೆ ಅದಕ್ಕೆ ಐಟಿ ಕಾಯ್ದೆಯ 69ಎ ಸೆಕ್ಷನ್ ಇದೆ. ಇಲ್ಲಿನ ಕಷ್ಟ ಏನೆಂದರೆ ನಿಯಮದ ಪ್ರಕಾರ ಇಡೀ ಪ್ರಕ್ರಿಯೆ ಗೋಪ್ಯ. ನೀವು ಬರೆದದ್ದು ಒಂದು ದಿನ ಭಾರತದಲ್ಲಿ ಕಾಣುವುದಿಲ್ಲ, ಯಾಕೆ ಅಂತ ಹೇಳುವ ಕಾಗದ ನಿಮ್ಮ ಕೈಗೆ ಬರದೇ ಇರಬಹುದು. ಇಂಥ ಆದೇಶಗಳ ವಿರುದ್ಧ ಟ್ವಿಟರ್ ಕರ್ನಾಟಕ ಹೈಕೋರ್ಟಿಗೆ ಬಂದಿತ್ತು. 2023ರ ಜೂನ್ 30ರಂದು ಕೋರ್ಟ್ ಅರ್ಜಿ ವಜಾ ಮಾಡಿ 50 ಲಕ್ಷ ರೂಪಾಯಿ ದಂಡವನ್ನೂ ಹಾಕಿತು. ನನಗೆ ಕೋರ್ಟಿನ ತೀರ್ಮಾನಕ್ಕಿಂತ ಆ ಗೋಪ್ಯದ ನಿಯಮವೇ ಜಾಸ್ತಿ ಕಾಡುತ್ತದೆ. 1975ರಲ್ಲಿ ಕರೆಂಟ್ ಹೋದದ್ದಾದರೂ ಎಲ್ಲರಿಗೂ ಗೊತ್ತಾಗುತ್ತಿತ್ತು.

ಹಾಗಂತ ಎಲ್ಲವನ್ನೂ ಸರ್ಕಾರದ ತಲೆಗೆ ಕಟ್ಟಿದರೆ ಅರ್ಧ ಚಿತ್ರ ಮಾತ್ರ ಕಂಡಂತೆ. ಈಗಿನ ಇನ್ನೊಬ್ಬ ನೀರುಗಂಟಿ ಕಂಪನಿ. 2015ರಲ್ಲಿ ಫೇಸ್‌ಬುಕ್ ಬಡವರಿಗೆ ನೆಟ್ ಫ್ರೀ ಅಂತ ಒಂದು ಯೋಜನೆ ತಂದಿತು. ಫ್ರೀಯಾಗಿ ಸಿಗುವುದು ಆ ಕಂಪನಿಯ ಪಟ್ಟಿಯಲ್ಲಿದ್ದ ವೆಬ್‌ಸೈಟುಗಳು ಮಾತ್ರ. ಊರಿನ ಜನಕ್ಕೆ ಅದೇ ಇಂಟರ್‌ನೆಟ್ ಆಗಿಬಿಡುತ್ತಿತ್ತು. ಆ ವರ್ಷ ಲಕ್ಷಾಂತರ ಜನ ಟ್ರಾಯ್‌ಗೆ ಇಮೇಲ್ ಬರೆದು, ನೆಟ್ಟಿನಲ್ಲಿ ತಾರತಮ್ಯ ಬೇಡ ಅಂದಿದ್ದರು. 2016ರ ಫೆಬ್ರವರಿಯಲ್ಲಿ ಟ್ರಾಯ್ ಇಂಥ ಯೋಜನೆಗಳನ್ನು ನಿಷೇಧಿಸಿತು. ಜನ ಗೆದ್ದ ಅಪರೂಪದ ಪ್ರಸಂಗ ಅದು.

2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದು ಬೇರೆಯದೇ ಕತೆ. ಹೈದರಾಬಾದಿನಿಂದ ಬಂದಿದ್ದ ಕೆಲವರು ದಾರಿಯಲ್ಲಿ ಮಕ್ಕಳಿಗೆ ಚಾಕಲೇಟ್ ಕೊಟ್ಟರು. ಮಕ್ಕಳ ಕಳ್ಳರು ಎಂಬ ಮೆಸೇಜ್ ವಾಟ್ಸ್ಆ್ಯಪ್‌ನಲ್ಲಿ ಓಡಿತು. ಅವರ ಕಾರು ಮುರ್ಕಿ ತಲುಪುವ ಮೊದಲೇ ಮೆಸೇಜ್ ತಲುಪಿತ್ತು. ಜನ ದಾರಿ ಅಡ್ಡಗಟ್ಟಿ ಹೊಡೆದರು, ಒಬ್ಬ ಸಾಫ್ಟ್‌ವೇರ್ ಎಂಜಿನಿಯರ್ ಸತ್ತ. ದೇಶದ ಬೇರೆ ಕಡೆಗಳಲ್ಲೂ ಆ ತಿಂಗಳುಗಳಲ್ಲಿ ಹೀಗೇ ಆಗಿತ್ತು. ಇಲ್ಲಿ ತೂಬು ಮುಚ್ಚುವವರು ಯಾರೂ ಇರಲಿಲ್ಲ, ಅದೇ ಅನಾಹುತ.

ಒಂದು ವಾರದೊಳಗೆ ವಾಟ್ಸ್ಆ್ಯಪ್ ಭಾರತಕ್ಕೆ ಹೊಸ ಮಿತಿ ಪ್ರಕಟಿಸಿತು. ಒಂದು ಸಲಕ್ಕೆ ಐದೇ ಚಾಟ್‌ಗೆ ಫಾರ್ವರ್ಡ್ ಮಾಡಬಹುದು. ಫೋಟೊ, ವಿಡಿಯೊ ಪಕ್ಕದಲ್ಲಿದ್ದ ಫಾರ್ವರ್ಡ್ ಬಟನ್ನೂ ಹೋಯಿತು. 2020ರ ಏಪ್ರಿಲ್‌ನಲ್ಲಿ, ಬಹಳ ಸಲ ಕೈ ಬದಲಾಯಿಸಿದ ಮೆಸೇಜನ್ನು ಒಂದೇ ಚಾಟ್‌ಗೆ ಇಳಿಸಿದರು. ಒಳ್ಳೆಯದೇ ಆಯಿತು ಅಂತ ನನಗೂ ಅನ್ನಿಸುತ್ತದೆ. ಆದರೆ ಬೀದರಿನ ಮನುಷ್ಯ ಒಂದು ಸಲಕ್ಕೆ ಎಷ್ಟು ಜನರ ಜೊತೆ ಮಾತಾಡಬಹುದು ಅಂತ ತೀರ್ಮಾನವಾದದ್ದು ಕ್ಯಾಲಿಫೋರ್ನಿಯಾದ ಒಂದು ಆಫೀಸಿನಲ್ಲಿ. ವಿಧಾನಸಭೆಯಲ್ಲಿ ಚರ್ಚೆ ಇಲ್ಲ, ಸಂಸತ್ತಿನಲ್ಲಿ ಮಸೂದೆ ಇಲ್ಲ, ಗೆಜೆಟ್‌ನಲ್ಲಿ ಪ್ರಕಟಣೆಯೂ ಇಲ್ಲ. ಆ್ಯಪ್ ಅಪ್‌ಡೇಟ್ ಆಯಿತು, ಅಷ್ಟೆ.